ಚರ್ಚ್ ಸಭೆಯ ವಾಟ್ಸ್‌ಆ್ಯಪ್: ಒಂದೇ ದೊಡ್ಡ ಗ್ರೂಪ್ ಸಾಕಾ, ಕಮ್ಯುನಿಟಿ ಮಾಡಬೇಕಾ, ಚಾನೆಲ್ ಒಳ್ಳೆಯದಾ?

ಪಡುಗಾಳಿ

ಉಡುಪಿ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಾಗಿ ಕೇಳುತ್ತಿದ್ದೇನೆ. ಸುಮಾರು 240 ಮನೆ, ಮಲ್ಪೆಯಿಂದ ಪರ್ಕಳದವರೆಗೆ ಚದುರಿಕೊಂಡಿವೆ. ಗಲ್ಫ್‌ನಲ್ಲಿ, ಬೆಂಗಳೂರಿನಲ್ಲಿ ಇರುವವರೂ ಸುಮಾರು ಜನ. ಈಗ ಇರುವುದು ಒಂದೇ ವಾಟ್ಸ್‌ಆ್ಯಪ್ ಗ್ರೂಪ್, ಯಾರು ಬೇಕಾದರೂ ಬರೆಯಬಹುದು. ಗುಡ್ ಮಾರ್ನಿಂಗ್ ಚಿತ್ರ, ಹುಟ್ಟುಹಬ್ಬದ ಶುಭಾಶಯ, ಎಲ್ಲಿಂದಲೋ ಬಂದ ಫಾರ್ವರ್ಡ್, ಇದರ ನಡುವೆ ಮರಣದ ಸುದ್ದಿ, ಆರಾಧನೆಯ ಸಮಯ ಬದಲಾದದ್ದು ಕೆಳಗೆ ಹೋಗಿಬಿಡುತ್ತದೆ. ಗಲಾಟೆ ತಾಳಲಾರದೆ ಮ್ಯೂಟ್ ಮಾಡಿದವರಿಗೆ ಯಾವುದೂ ತಲುಪುವುದಿಲ್ಲ. ಗ್ರೂಪ್ ಇರುವುದು ಹಿಂದಿನ ಅಯ್ಯನವರ (ಸಭಾಪಾಲಕರ) ಸ್ವಂತ ನಂಬರಿನಲ್ಲಿ, ಅವರಿಗೆ ವರ್ಗಾವಣೆ ಆಗಿದೆ.

ಸಭಾ ಪರಿಪಾಲನಾ ಸಮಿತಿ ಹೊಸದಾಗಿ ಸರಿಯಾದ ವ್ಯವಸ್ಥೆ ಮಾಡಲು ಹೇಳಿದೆ. ಯಾವುದರಿಂದ ಶುರು ಮಾಡಬೇಕು? ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರನ್ನು ಹೇಗೆ ತಲುಪುವುದು? ಎಸ್‌ಎಂಎಸ್ ಈಗಲೂ ಉಪಯೋಗಕ್ಕೆ ಬರುತ್ತದಾ? ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಕಟ್ಟೆಮನೆ

ಮೊದಲು ನಂಬರ್, ಆಮೇಲೆ ಗ್ರೂಪ್. ಸಭೆಗೆಂದೇ ಒಂದು ಸಿಮ್ ತೆಗೆದುಕೊಳ್ಳಿ. ಅಯ್ಯನವರದ್ದಾಗಲಿ ಕಾರ್ಯದರ್ಶಿಯದ್ದಾಗಲಿ ಸ್ವಂತ ನಂಬರ್ ಬೇಡವೇ ಬೇಡ. ವರ್ಗಾವಣೆಯೂ ಸಮಿತಿ ಬದಲಾಗುವುದೂ ಇದ್ದದ್ದೇ, ಪ್ರತಿ ಸಲ ಗ್ರೂಪ್ ಅನಾಥವಾಗಬಾರದು. ಸಿಮ್ ಆಫೀಸಿನ ಫೋನಿನಲ್ಲಿರಲಿ, ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ. ಅದಕ್ಕೆ ದುಡ್ಡಿಲ್ಲ. ಆಫೀಸು ಮುಚ್ಚಿರುವಾಗ ತಾನಾಗಿ ಹೋಗುವ ಉತ್ತರ, ಪದೇಪದೇ ಕೇಳುವ ಪ್ರಶ್ನೆಗೆ ಮೊದಲೇ ಬರೆದಿಟ್ಟ ಉತ್ತರ, ಲೇಬಲ್ ಎಲ್ಲ ಅದರಲ್ಲಿ ಉಂಟು. ಆ ಫೋನಿಗೆ ಇನ್ನೂ ನಾಲ್ಕು ಸಾಧನ ಜೋಡಿಸಬಹುದು. ಅಯ್ಯನವರು, ಕಾರ್ಯದರ್ಶಿ ಇಬ್ಬರೂ ತಮ್ಮಲ್ಲಿಂದಲೇ ಕಳಿಸಬಹುದು. ಆದರೆ ಮೂಲ ಫೋನನ್ನು 14 ದಿನ ಯಾರೂ ತೆರೆಯದಿದ್ದರೆ ಜೋಡಿಸಿದ ಸಾಧನಗಳೆಲ್ಲ ಲಾಗೌಟ್ ಆಗುತ್ತವೆ. ಆಫೀಸಿನ ಫೋನ್ ಕಪಾಟಿನಲ್ಲಿ ಚಾರ್ಜ್ ಇಲ್ಲದೆ ಬಿದ್ದಿರುವಲ್ಲಿ ಇದೇ ಆಗುವುದು.

ಎರಡು ಹಂತದ ಭದ್ರತೆಗೆ 6 ಅಂಕಿಯ ಪಿನ್ ಹಾಕಿ, ಅದರ ಜೊತೆ ಕೊಡುವ ಇಮೇಲ್ ಸಹ ಸಭೆಯದ್ದೇ ಆಗಿರಲಿ. ಪಿನ್ ಬರೆದು ಲಕೋಟೆಯಲ್ಲಿ ಹಾಕಿ ದಾಖಲೆ ಪುಸ್ತಕಗಳ ಜೊತೆ ಇಡಿ. ರೀಚಾರ್ಜ್ ಮಾಡುವುದು ಯಾರ ಜವಾಬ್ದಾರಿ ಎಂದು ನಿರ್ಣಯದಲ್ಲೇ ಬರೆದುಕೊಳ್ಳಿ. 90 ದಿನ ಉಪಯೋಗಿಸದೆ ಬಿಟ್ಟ ಸಿಮ್ ರದ್ದಾಗಬಹುದು, ಆಮೇಲೆ ಅದೇ ನಂಬರ್ ಬೇರೆ ಯಾರಿಗಾದರೂ ಹೋಗುತ್ತದೆ.

ಈಗ ರಚನೆ. ನಿಮ್ಮ ತೊಂದರೆಗೆಲ್ಲ ಕಾರಣ ಒಂದೇ: ಪ್ರಕಟಣೆಯೂ ಮಾತುಕತೆಯೂ ಒಂದೇ ಜಾಗದಲ್ಲಿ ನಡೆಯುತ್ತಿದೆ. ಬೇರೆ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ 'ಕಮ್ಯುನಿಟಿ' ಎಂದು ಉಂಟಲ್ಲ, ಅದು ಇದಕ್ಕೇ ಆದದ್ದು. ಕಮ್ಯುನಿಟಿ ಮಾಡಿದ ಕೂಡಲೇ ಅದರ ಮೇಲ್ಗಡೆ ಒಂದು ಪ್ರಕಟಣಾ ಗ್ರೂಪ್ ತಾನಾಗಿ ಬರುತ್ತದೆ, ಅದರಲ್ಲಿ ಪ್ರಕಟಣೆ ಹಾಕಲು ಆಗುವುದು ಅಡ್ಮಿನ್‌ಗಳಿಗೆ ಮಾತ್ರ. ಕೆಳಗೆ ವಲಯದ ಗ್ರೂಪ್, ಸ್ತ್ರೀ ಸಂಘ, ಯುವಜನ, ಗಾಯನ ಮಂಡಳಿ, ಸಂಡೇ ಸ್ಕೂಲ್ ಹೆತ್ತವರು ಹೀಗೆ ಸೇರಿಸುತ್ತಾ ಹೋಗಬಹುದು. ಕೆಳಗಿನ ಯಾವ ಗ್ರೂಪಿಗೆ ಸೇರಿದರೂ ಪ್ರಕಟಣಾ ಗ್ರೂಪಿನ ಸದಸ್ಯರಾಗಿಯೇ ಆಗುತ್ತಾರೆ. ಹರಟೆ ಬೇಡದವರು ಕೆಳಗಿನದನ್ನು ಮ್ಯೂಟ್ ಮಾಡಿಕೊಂಡು ಮೇಲಿನದನ್ನು ತೆರೆದಿಟ್ಟರೆ ಸಾಕು. ಇನ್ನೊಂದು ಲಾಭ, ಪ್ರಕಟಣಾ ಗ್ರೂಪಿನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಅಡ್ಮಿನ್‌ಗಳಿಗೆ ಮಾತ್ರ ಕಾಣುತ್ತದೆ. ಮಾಮೂಲಿ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಸಿಗುತ್ತದೆ. ಒಬ್ಬಂಟಿಯಾಗಿರುವ ಹೆಂಗಸರು ದೊಡ್ಡ ಗ್ರೂಪಿಗೆ ಬರಲು ಹಿಂಜರಿಯುವುದಕ್ಕೆ ಇದೇ ಮುಖ್ಯ ಕಾರಣ.

ಬ್ರಾಡ್‌ಕಾಸ್ಟ್ ಲಿಸ್ಟ್ ಎಂದು ಕೆಲವರು ಹೇಳಬಹುದು. ಅದಕ್ಕೆ 256 ಜನರ ಮಿತಿ. ಅದಕ್ಕಿಂತ ದೊಡ್ಡ ತೊಂದರೆ, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುವುದು. ಸೇವ್ ಮಾಡದವರಿಗೆ ಹೋಗಲಿಲ್ಲ ಎಂಬುದು ನಿಮಗೆ ಗೊತ್ತೂ ಆಗುವುದಿಲ್ಲ.

ಜನರನ್ನು ಸೇರಿಸುವಾಗ ಅವಸರ ಬೇಡ. ಹೊಸ ಸಿಮ್‌ನಿಂದ ಒಂದೇ ಸಂಜೆ ಮುನ್ನೂರು ಜನರನ್ನು ಎಳೆದು ಹಾಕಿದರೆ, ಅದರಲ್ಲಿ ಕೆಲವರು ಯಾರೋ ಎಂದು ತಿಳಿದು ಬ್ಲಾಕ್ ಅಥವಾ ರಿಪೋರ್ಟ್ ಒತ್ತಿದರೆ, ನಂಬರೇ ಬ್ಯಾನ್ ಆಗಬಹುದು. ಎರಡು ಭಾನುವಾರ ಆರಾಧನೆಯ ಪ್ರಕಟಣೆಯಲ್ಲಿ ನಂಬರ್ ಓದಿ ಹೇಳಿ, ಸೇವ್ ಮಾಡಿಕೊಳ್ಳಲಿ. ಆಮೇಲೆ ಸೇರುವ ಲಿಂಕಿನ ಕ್ಯುಆರ್ ಕೋಡನ್ನು ಎ4 ಹಾಳೆಯಲ್ಲಿ ಮುದ್ರಿಸಿ ಬಾಗಿಲಿನ ಹತ್ತಿರ ಅಂಟಿಸಿ, ಪಕ್ಕದಲ್ಲಿ ಇಬ್ಬರು ಯುವಕರು ನಿಂತು ಹಿರಿಯರಿಗೆ ಸ್ಕ್ಯಾನ್ ಮಾಡಿಕೊಡಲಿ. 'ಹೊಸಬರನ್ನು ಅಡ್ಮಿನ್ ಒಪ್ಪಬೇಕು' ಎಂಬ ಆಯ್ಕೆ ಆನ್ ಇರಲೇಬೇಕು, ಇಲ್ಲದಿದ್ದರೆ ಲಿಂಕ್ ಎಲ್ಲೋ ಹೋಗಿ ಸಾಲ ಕೊಡುವವರೂ ಒಳಗೆ ಬರುತ್ತಾರೆ. ಸೇರ್ಪಡೆ ಮುಗಿದ ಮೇಲೆ ಲಿಂಕ್ ರೀಸೆಟ್ ಮಾಡಿ, ಹಳೆಯ ಹಾಳೆ ಕಿತ್ತುಹಾಕಿ. ಅಡ್ಮಿನ್ ಕನಿಷ್ಠ ಮೂವರು ಇರಲಿ.

ಗುರ್ಕಾರ್_ಬೈಲು

ಮೇಲೆ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ. ಕಥೊಲಿಕ್ ಚರ್ಚುಗಳಲ್ಲಿ ವಾರ್ಡ್, ಪ್ರತಿ ವಾರ್ಡಿಗೆ ಒಬ್ಬ ಗುರ್ಕಾರ್ (ವಾರ್ಡಿನ ಮುಖಂಡ) ಎಂಬ ಪದ್ಧತಿ ಮೊಬೈಲ್ ಬರುವ ಎಷ್ಟೋ ಮೊದಲಿನದ್ದು. ನಿಮ್ಮಲ್ಲೂ ವಲಯದ ಪ್ರತಿನಿಧಿ ಇದ್ದೇ ಇರುತ್ತಾರೆ. ಫೋನ್ ಇಲ್ಲದವರ ಪ್ರಶ್ನೆಗೆ ಉತ್ತರ ಅಲ್ಲಿದೆ, ಯಾವ ಆ್ಯಪಿನಲ್ಲೂ ಇಲ್ಲ.

ಒಂದು ಹಾಳೆ ಮಾಡಿ. ಅಡ್ಡ ಸಾಲಿಗೆ ಒಂದು ಮನೆ, ಉದ್ದಕ್ಕೆ ಹೀಗೆ: ವಲಯ, ಮನೆ ಹೆಸರು, ವಾಟ್ಸ್‌ಆ್ಯಪ್ ಇರುವ ಕನಿಷ್ಠ ಎರಡು ನಂಬರ್, ಬರೀ ಕರೆ ಮಾಡಬಹುದಾದ ನಂಬರ್, ಏನೂ ಇಲ್ಲದಿದ್ದರೆ ಸುದ್ದಿ ಮುಟ್ಟಿಸುವ ನೆರೆಮನೆ. ಒಂದು ಮನೆಗೆ ಒಂದೇ ನಂಬರ್ ಇಟ್ಟುಕೊಂಡರೆ ಅದು ಸಾಮಾನ್ಯವಾಗಿ ದುಬೈಯಲ್ಲಿರುವ ಮಗನದ್ದಾಗಿರುತ್ತದೆ. ಮನೆಯಲ್ಲಿರುವ ತಾಯಿಗೆ ಸುದ್ದಿ ಅವನ ಮೂಲಕ ಸುತ್ತಿ ಬರಬೇಕು. ಕೊನೆಯ ಎರಡು ಕಾಲಮಿನವರ ಪಟ್ಟಿ ಪ್ರತಿನಿಧಿಯ ಕೈಯಲ್ಲಿ ಕಾಗದದಲ್ಲೇ ಇರಲಿ. ಪ್ರಕಟಣೆ ಬಂದ ಕೂಡಲೇ ಆ ಐದಾರು ಮನೆಗೆ ಕರೆ ಮಾಡುವುದು ಅವರ ಕೆಲಸ, ಮಾಡಿದ ಮೇಲೆ ಪ್ರತಿನಿಧಿಗಳ ಗ್ರೂಪಿನಲ್ಲಿ 'ವಲಯ 4 ಆಯಿತು' ಎಂದು ಹಾಕಬೇಕು. ಈ ಒಂದು ಸಾಲು ಇಲ್ಲದೆ ಯಾರಿಗೆ ಬಿಟ್ಟುಹೋಯಿತು ಎಂದು ಗೊತ್ತಾಗುವುದಿಲ್ಲ.

ಮರಣದ ಸುದ್ದಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಸಭೆಯ ಮೆಸೇಜುಗಳಲ್ಲಿ ತಪ್ಪಾಗಲೇಬಾರದ್ದು ಅದೊಂದು. ಮನೆಯವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ದೂರದಲ್ಲಿರುವ ಮಗಳಿಗೆ ತಂದೆ ತೀರಿಕೊಂಡದ್ದು ಗ್ರೂಪಿನಿಂದ ಗೊತ್ತಾಗಬಾರದು. 'ಹತ್ತಿರದವರಿಗೆಲ್ಲ ತಿಳಿಸಿ ಆಯಿತಾ' ಎಂದು ಕೇಳಿ, ಆಯಿತು ಎಂದ ಮೇಲೆಯೇ ಕಳಿಸಿ. ಬರಹ ಹೀಗಿರಲಿ:

ಮರಣ. (ಪೂರ್ಣ ಹೆಸರು), ವಯಸ್ಸು 78, ವಲಯ 3.
(ಮನೆ ಹೆಸರು), ಇಂಥವರ ಪತ್ನಿ, ಇಂಥವರ ತಾಯಿ.
12ನೇ ತಾರೀಕು ಗುರುವಾರ, ಮಧ್ಯಾಹ್ನ 3.00: ಮನೆಯಲ್ಲಿ ಪ್ರಾರ್ಥನೆ.
3.30: ಮನೆಯಿಂದ ಹೊರಡುವುದು.
4.00: ದೇವಾಲಯದಲ್ಲಿ ಅಂತ್ಯಕ್ರಿಯೆಯ ಆರಾಧನೆ, ಅನಂತರ ಸಮಾಧಿ.
ಸಂಪರ್ಕ: ವಲಯ ಪ್ರತಿನಿಧಿ.

ಮೊದಲ ಸಾಲಿನಲ್ಲೇ ವಿಷಯವೂ ಹೆಸರೂ ಬರಬೇಕು, ಬೀಗ ಹಾಕಿದ ಫೋನಿನ ಮೇಲೆ ಕಾಣುವುದು ಆ ಒಂದೆರಡು ಸಾಲು ಮಾತ್ರ. 'ದುಃಖದಿಂದ ತಿಳಿಸುವುದೇನೆಂದರೆ' ಎಂದು ಶುರು ಮಾಡಿದರೆ ಯಾರು ಎಂದೇ ಕಾಣುವುದಿಲ್ಲ. 'ನಾಳೆ', 'ಇಂದು ಸಂಜೆ' ಬರೆಯಬಾರದು. ರಾತ್ರಿ ಕಳಿಸಿದ್ದನ್ನು ಬೆಳಿಗ್ಗೆ ಓದಿದವರಿಗೆ ದಿನವೇ ತಪ್ಪುತ್ತದೆ. ತಾರೀಕು, ವಾರ ಎರಡೂ ಇರಲಿ. ಒಂದೇ ಹೆಸರಿನವರು ಇಬ್ಬರು ಮೂವರು ಇರುವ ಊರು ನಮ್ಮದು, ಹಾಗಾಗಿ ವಯಸ್ಸು, ಮನೆ ಹೆಸರು, ವಲಯ ಮೂರೂ ಬೇಕು. ಬರಹವಾಗಿಯೇ ಕಳಿಸಿ, ಬರೀ ಫೋಟೊ ಪೋಸ್ಟರ್ ಕಳಿಸಬೇಡಿ. ಫೋಟೊ ತಾನಾಗಿ ಡೌನ್‌ಲೋಡ್ ಆಗದಂತೆ ಇಟ್ಟುಕೊಂಡವರು, ಮೆಮೊರಿ ತುಂಬಿದ ಫೋನಿನವರು ಅದನ್ನು ತೆರೆಯುವುದೇ ಇಲ್ಲ. ಕನ್ನಡ ಓದಲು ಕಷ್ಟಪಡುವ ಹಿರಿಯರಿಗಾಗಿ ಅದನ್ನೇ ತುಳುವಿನಲ್ಲಿ ಒಂದು ನಿಮಿಷದೊಳಗಿನ ವಾಯ್ಸ್ ಮೆಸೇಜ್ ಮಾಡಿ ಜೊತೆಗೆ ಹಾಕಿದರೆ ಬಹಳ ಉಪಕಾರ.

ಸಮಯ ತಪ್ಪಾಗಿ ಹೋದರೆ 15 ನಿಮಿಷದೊಳಗೆ ತಿದ್ದಬಹುದು. ಆದರೆ ಆಗಲೇ ಓದಿದವರು ತಿರುಗಿ ನೋಡುವುದಿಲ್ಲ. ಆದ್ದರಿಂದ ಹಳೆಯದನ್ನು ಎಲ್ಲರಿಗೂ ಅಳಿಸಿ, 'ಸಮಯ ಬದಲಾವಣೆ' ಎಂಬ ಶಬ್ದದಿಂದಲೇ ಹೊಸದನ್ನು ಶುರು ಮಾಡಿ. ಅಷ್ಟರಲ್ಲಿ ಬೇರೆ ಕಡೆಗೆ ಫಾರ್ವರ್ಡ್ ಆದದ್ದು ಅಳಿಯುವುದಿಲ್ಲ, ಅದಕ್ಕೇ ಕಳಿಸುವ ಮುಂಚೆ ಎರಡನೆಯವರೊಬ್ಬರು ಓದಿ ನೋಡಬೇಕು.

ಗಲ್ಫ್‌ನವರ ಗಡಿಯಾರವೂ ಲೆಕ್ಕಕ್ಕಿರಲಿ. ಯುಎಇ, ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್, ಕತಾರ್, ಬಹರೇನ್, ಸೌದಿ ಎರಡೂವರೆ ಗಂಟೆ ಹಿಂದೆ. ಇಲ್ಲಿ ಬೆಳಗ್ಗೆ 5.30ಕ್ಕೆ ದಿನದ ವಚನ ಹಾಕಿದರೆ ದುಬೈಯಲ್ಲಿ 4, ಕುವೈತಿನಲ್ಲಿ 3 ಗಂಟೆ. ತುರ್ತು ಅಲ್ಲದ್ದೆಲ್ಲ ಶನಿವಾರ ಸಂಜೆ ಒಂದೇ ಮೆಸೇಜಿನಲ್ಲಿ ಹೋಗಲಿ. ನಮ್ಮ ಮೊಂತಿ ಫೆಸ್ತ್‌ಗೆ (ಮರಿಯಮ್ಮನವರ ಜನ್ಮದಿನದ ಹಬ್ಬ) ಮೊದಲಿನ ಒಂಬತ್ತು ದಿನದ ನೊವೆನಾ ಪ್ರಾರ್ಥನೆಗೂ ದಿನಕ್ಕೊಂದು ಮೆಸೇಜ್ ಬೇಡ. ಆಗಸ್ಟ್ 30ರಿಂದ ಸೆಪ್ಟೆಂಬರ್ 8ರವರೆಗಿನ ವೇಳಾಪಟ್ಟಿಯನ್ನು ಒಮ್ಮೆ ಹಾಕಿ 30 ದಿನಕ್ಕೆ ಪಿನ್ ಮಾಡಿದರೆ ಸಾಕು. ನಿಮ್ಮ ಸುಗ್ಗಿ ಹಬ್ಬಕ್ಕೂ ಹಾಗೆಯೇ ಮಾಡಬಹುದು.

ಅಚ್ಚುಮೊಳೆ

ಎಸ್‌ಎಂಎಸ್ ಬಗ್ಗೆ ಕೇಳಿದ್ದೀರಿ. ಕೀಪ್ಯಾಡ್ ಫೋನಿನವರಿಗೆ ಅದು ಬರುತ್ತದೆ, ನೆಟ್ ಇಲ್ಲದಿದ್ದರೂ ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಡೇಟಾ ನಿಂತಾಗಲೂ ಸಿಗ್ನಲ್ ಒಂದು ಕಡ್ಡಿ ಇದ್ದರೆ ಸಾಕು. ಆದರೆ ಕನ್ನಡದ ಲೆಕ್ಕ ಬೇರೆ. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. 70 ದಾಟಿದರೆ ತುಂಡಾಗುತ್ತದೆ, ಒಂದೊಂದು ತುಂಡಿಗೆ 67, ಉಳಿದದ್ದು ತುಂಡುಗಳನ್ನು ಜೋಡಿಸುವ ಗುರುತಿಗೆ ಹೋಗುತ್ತದೆ. ಅಲ್ಲದೆ ಗುಣಿತ, ಒತ್ತಕ್ಷರ, ಅರ್ಧಾಕ್ಷರದ ಕೊಂಡಿ ಎಲ್ಲ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. 'ಪ್ರಾರ್ಥನೆ' ಕಣ್ಣಿಗೆ ಮೂರು ಅಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ ಒಂಬತ್ತು. 'ಭಾನುವಾರ ಆರಾಧನೆ ಬೆಳಿಗ್ಗೆ 8ಕ್ಕೆ' ಇಷ್ಟಕ್ಕೇ 29 ಆಯಿತು. ಆದ್ದರಿಂದ ಎಸ್‌ಎಂಎಸ್ ಬರೀ ತುರ್ತಿಗೆ: ಹೆಸರು, ವಲಯ, ದಿನ, ಗಂಟೆ. ಉಳಿದದ್ದು ಪ್ರತಿನಿಧಿ ಬಾಯಲ್ಲಿ ಹೇಳಲಿ.

ಬಲ್ಕ್ ಎಸ್‌ಎಂಎಸ್ ಕಂಪನಿಯಿಂದ ಕಳಿಸುವುದಾದರೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2018ರಲ್ಲಿ ತಂದ ನಿಯಮದಂತೆ ಡಿಎಲ್‌ಟಿ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಣಿ ಬೇಕು. ಮೊದಲು ಸಂಸ್ಥೆಯ ಹೆಸರು, ಪ್ಯಾನ್ ಕೊಟ್ಟು ನೋಂದಣಿ, ಆಮೇಲೆ ಕಳಿಸುವವರ ಹೆಸರಾಗಿ ಬರುವ ಹೆಡರ್, ಆಮೇಲೆ ಬರಹದ ಟೆಂಪ್ಲೇಟ್, ಪ್ರತಿಯೊಂದಕ್ಕೂ ಒಪ್ಪಿಗೆ ಸಿಗಬೇಕು. ಹೆಸರು, ಸಮಯ ಬದಲಾಗುವಲ್ಲಿ ಖಾಲಿ ಜಾಗ ಬಿಡಬಹುದು. ಒಪ್ಪಿಗೆ ಪಡೆದದ್ದಕ್ಕಿಂತ ಒಂದು ಚುಕ್ಕಿ ಹೆಚ್ಚು ಕಡಿಮೆಯಾದರೂ ಮೆಸೇಜ್ ಹೋಗದೆ ನಿಲ್ಲಬಹುದು. 240 ಮನೆಯ ಸಭೆಗೆ ಇಷ್ಟು ಖಟಪಟಿ ಬೇಕೆಂದು ನನಗೆ ಅನಿಸುವುದಿಲ್ಲ. ನಿಮ್ಮಲ್ಲಿ ಕೀಪ್ಯಾಡ್ ಫೋನಿನ ಮನೆ ಮೂವತ್ತು ನಲವತ್ತು ಇದ್ದರೆ, ಸಾಮಾನ್ಯ ಪ್ಲಾನಿನಲ್ಲಿ ದಿನಕ್ಕೆ ಸಿಗುವ 100 ಎಸ್‌ಎಂಎಸ್ ಸಾಕು. ತುಂಡಾದರೆ ಪ್ರತಿ ತುಂಡೂ ಒಂದು ಎಣಿಕೆ ಎಂಬುದು ನೆನಪಿರಲಿ.

ಇನ್ನೊಂದು ಯಾರೂ ಹೇಳದ ವಿಷಯ. ಆರಾಧನಾ ಕ್ರಮ, ವಾರ್ಷಿಕ ವರದಿ ಎಲ್ಲ ಅಚ್ಚಿನವರು ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿ ಫಾಂಟಿನಲ್ಲಿ ಹೊಡೆದಿರುತ್ತಾರೆ. ಅದನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅರ್ಥವಿಲ್ಲದ ಗೀಟು ಚಿಹ್ನೆಗಳು ಬರುತ್ತವೆ. ಫೋನ್ ಕೆಟ್ಟದ್ದಲ್ಲ, ಆ ಫಾಂಟುಗಳಲ್ಲಿ ಕನ್ನಡದ ಆಕಾರ ಕೂರಿಸಿದ್ದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ. ಯೂನಿಕೋಡ್‌ಗೆ ಪರಿವರ್ತಿಸಿ ಕೊಡಲು ಅಚ್ಚಿನವರಿಗೇ ಹೇಳಿ, ಪರಿವರ್ತಕ ಅವರಲ್ಲಿ ಇರುತ್ತದೆ. ಪರಿವರ್ತನೆಯ ನಂತರ ಅರ್ಕಾವೊತ್ತೂ ಒತ್ತಕ್ಷರವೂ ಕೆಲವು ಕಡೆ ತಪ್ಪಿರುತ್ತವೆ, ಬೈಬಲ್ ವಚನ ಇರುವಲ್ಲಿ ಕಡ್ಡಾಯವಾಗಿ ಓದಿ ನೋಡಬೇಕು. ಪಿಡಿಎಫ್ ಕಳಿಸುವುದಾದರೆ ಎ4ನ ಎರಡು ಕಾಲಮ್ ಹಾಳೆ ಬೇಡ, ಫೋನಿನಲ್ಲಿ ಹಿಗ್ಗಿಸಿ ಅತ್ತಿತ್ತ ಎಳೆಯಬೇಕಾಗುತ್ತದೆ. ಎ5 ಪುಟ, ಒಂದೇ ಕಾಲಮ್, 16 ಪಾಯಿಂಟ್ ಅಕ್ಷರ.

ಪಡುಗಾಳಿ

ಎಲ್ಲರಿಗೂ ತುಂಬ ಉಪಕಾರ. ಸಮಿತಿಯಲ್ಲಿ ಒಬ್ಬರು ಚಾನೆಲ್ ಸಾಕು ಎನ್ನುತ್ತಾರೆ. ಕಾಣಿಕೆಯ ಕ್ಯುಆರ್ ಕೋಡನ್ನೂ ಅದರಲ್ಲೇ ಹಾಕಿದರೆ ಹೊರದೇಶದವರಿಗೂ ಅನುಕೂಲ ಎಂಬುದು ಅವರ ಅಭಿಪ್ರಾಯ. ಪ್ರಾರ್ಥನಾ ವಿಜ್ಞಾಪನೆಗಳನ್ನು ಹೇಗೆ ನಡೆಸಬೇಕು ಎಂಬುದೂ ತೀರ್ಮಾನ ಆಗಿಲ್ಲ.

ಲೆಕ್ಕಪುಸ್ತಕ

ಚಾನೆಲ್ ಸಾರ್ವಜನಿಕ ಫಲಕ ಇದ್ದ ಹಾಗೆ. ಲಿಂಕ್ ಸಿಕ್ಕಿದ ಯಾರು ಬೇಕಾದರೂ ಓದಬಹುದು, ಗ್ರೂಪಿಗಿರುವ ಗೂಢಲಿಪಿ ರಕ್ಷಣೆ ಅದಕ್ಕಿಲ್ಲ, ಹಾಕಿದ್ದು 30 ದಿನದ ನಂತರ ಉಳಿಯುವುದಿಲ್ಲ. ಹಬ್ಬದ ಕಾರ್ಯಕ್ರಮ, ಕನ್ವೆನ್ಷನ್, ಆರಾಧನೆಯ ಸಮಯ ಇಷ್ಟಕ್ಕೆ ಚೆನ್ನಾಗಿ ಆಗುತ್ತದೆ. ಮನೆವಿಳಾಸ, ಕಾಯಿಲೆ, ಮಕ್ಕಳ ಫೋಟೊ ಅದರಲ್ಲಿ ಬರಬಾರದು. ಕಮ್ಯುನಿಟಿಯ ಬದಲಿಗೆ ಚಾನೆಲ್ ಇಡುವುದನ್ನು ನಾನು ಒಪ್ಪುವುದಿಲ್ಲ.

ಕ್ಯುಆರ್ ಕೋಡ್ ವಿಷಯ ಅದಕ್ಕಿಂತ ಗಂಭೀರ. ಗಲ್ಫ್‌ನಲ್ಲಿರುವವರು ಭಾರತದ ಪಾಸ್‌ಪೋರ್ಟ್ ಇರುವವರಾದರೆ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎಂದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕೆನಡಾ, ಅಮೆರಿಕ, ಇಂಗ್ಲೆಂಡಿಗೆ ಹೋಗಿ ಅಲ್ಲಿನ ಪೌರತ್ವ ಪಡೆದವರು, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವುದು) ಇದ್ದರೂ, ಕಾನೂನಿನ ಕಣ್ಣಿಗೆ ವಿದೇಶಿ ಮೂಲವೇ. ಅವರ ಕಾಣಿಕೆ ಪಡೆಯಲು 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಸಭೆಯ ಸ್ಥಳೀಯ ಖಾತೆಗೆ ಆ ಹಣ ಬಂದರೆ ಖಜಾಂಚಿಗೂ ಸಭೆಗೂ ತೊಂದರೆ. ಆದ್ದರಿಂದ ಕೋಡ್ ಚಾನೆಲಿನಲ್ಲಿ ಬೇಡ, ಕಮ್ಯುನಿಟಿಯಲ್ಲಿ ಹಾಕುವ ಮುಂಚೆಯೂ ಆಡಿಟರ್ ಹತ್ತಿರ ಕೇಳಿ, ಕೋಡಿನ ಕೆಳಗೆ 'ಭಾರತೀಯ ಪೌರರಿಗೆ ಮಾತ್ರ' ಎಂದು ದಪ್ಪಗೆ ಬರೆಯಿರಿ.

ಕೋಡ್ ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಬ್ಯಾಂಕ್ ತೋರಿಸುವ ಹೆಸರು ಏನು ಎಂಬುದನ್ನು ಅಕ್ಷರಶಃ ಅದರ ಪಕ್ಕದಲ್ಲೇ ಹಾಕಿ. ಬೇರೆ ಹೆಸರು ಬಂದರೆ ಪಾವತಿ ಮಾಡಬಾರದು. ಅಯ್ಯನವರ ಫೋಟೊವನ್ನು ಬೇರೆ ನಂಬರಿಗೆ ಡಿಪಿ ಹಾಕಿ 'ನಾನು ಮೀಟಿಂಗಿನಲ್ಲಿದ್ದೇನೆ, ಸ್ವಲ್ಪ ಹಣ ಬೇಕಿತ್ತು' ಎಂದು ಸಭಿಕರನ್ನು ಕೇಳುವ ಮೋಸ ನಡೆಯುತ್ತಿದೆ. ಸಭೆಯ ಯಾರೂ ಮೆಸೇಜಿನಲ್ಲಿ ಹಣ ಕೇಳುವುದಿಲ್ಲ ಎಂಬ ಒಂದು ಸಾಲು ಯಾವಾಗಲೂ ಪಿನ್ ಆಗಿರಲಿ. ಮದುವೆ ಆಮಂತ್ರಣದ ಹೆಸರಿನಲ್ಲಿ ಬರುವ, ಕೊನೆಗೆ 'ಎಪಿಕೆ' ಎಂದಿರುವ ಫೈಲ್ ತೆರೆಯಲೇಬಾರದು. ಅದು ಆಮಂತ್ರಣವಲ್ಲ, ಫೋನಿನೊಳಗೆ ಕೂತು ಒಟಿಪಿ ಓದುವ ಆ್ಯಪ್. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಹೇಳುತ್ತಾರೋ ಅಷ್ಟು, ಆ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಸಂಜೆ_ಗಂಟೆ

ಪ್ರಾರ್ಥನಾ ವಿಜ್ಞಾಪನೆ ನೇರ ಗ್ರೂಪಿಗೆ ಬೀಳಬಾರದು ಅಣ್ಣ. ಅದು ಅಯ್ಯನವರಿಗೆ ಅಥವಾ ಸ್ತ್ರೀ ಸಂಘದ ಒಬ್ಬ ಅಕ್ಕನಿಗೆ ಖಾಸಗಿಯಾಗಿ ಬರಲಿ. ಅವರು ಮನೆಯವರನ್ನು ಕೇಳಿ, ಹೆಸರು ಹಾಕಬಹುದಾ, ಆಸ್ಪತ್ರೆಯ ಹೆಸರು ಹೇಳಬಹುದಾ, ನೋಡಲು ಜನ ಬರಬಹುದಾ ಎಂದು ತಿಳಿದು ಬರೆಯಬೇಕು. ಕಾಯಿಲೆಯ ಹೆಸರು ಬೇಡ. 'ವಲಯ 2ರ ಒಬ್ಬ ಸಹೋದರಿಯ ಶಸ್ತ್ರಚಿಕಿತ್ಸೆ ಮಂಗಳವಾರ ಬೆಳಗ್ಗೆ' ಎಂದರೆ ಪ್ರಾರ್ಥಿಸಲು ಅಷ್ಟು ಸಾಕು. ಮದುವೆಗೆ ಮುಂಚಿನ ಹುಡುಗಿಯ ಕಾಯಿಲೆ, ಕೆಲಸ ಹೋದ ಸಂಗತಿ, ಗಂಡ ಹೆಂಡಿರ ತೊಂದರೆ, ಇವೆಲ್ಲ ಒಮ್ಮೆ ಗ್ರೂಪಿಗೆ ಬಂದರೆ ಸ್ಕ್ರೀನ್‌ಶಾಟ್ ಆಗಿ ಊರು ಸುತ್ತುತ್ತವೆ. ಗುಣವಾದ ಮೇಲೆ ಒಂದು ಸಾಲು ತಿಳಿಸುವುದನ್ನೂ ಮರೆಯಬಾರದು. ಪ್ರಾರ್ಥಿಸಿದವರು ಕಾಯುತ್ತಿರುತ್ತಾರೆ.

ಸಂಡೇ ಸ್ಕೂಲ್ ಗ್ರೂಪಿನಲ್ಲಿ ಮಕ್ಕಳ ನಂಬರ್ ಬೇಡ, ತಂದೆ ತಾಯಿಯದ್ದೇ ಇರಲಿ. ವಾಟ್ಸ್‌ಆ್ಯಪ್‌ನ ನಿಯಮದಲ್ಲೇ 13 ವರ್ಷದ ಒಳಗಿನವರಿಗೆ ಅವಕಾಶ ಇಲ್ಲ. ಶಿಕ್ಷಕರು ಮಗುವಿಗೆ ನೇರ ಖಾಸಗಿ ಮೆಸೇಜ್ ಮಾಡುವ ಪದ್ಧತಿ ಇರಲೇಬಾರದು. ಫೋಟೊ ಹಾಕಲು ವರ್ಷದ ಆರಂಭದಲ್ಲೇ ಹೆತ್ತವರ ಸಹಿ ತೆಗೆದುಕೊಳ್ಳಿ. ಬೇಡ ಎಂದವರ ಮಗು ಹಿಂದಿನ ಸಾಲಿನಲ್ಲಿ ಕಂಡರೂ ಆ ಫೋಟೊ ಹೋಗಬಾರದು. ಜೋರು ಮಳೆಗೆ ಜಿಲ್ಲಾಧಿಕಾರಿಯವರ ರಜೆ ಪ್ರಕಟಣೆ ಶಾಲೆ, ಕಾಲೇಜಿಗೆ. ಸಂಡೇ ಸ್ಕೂಲ್ ಉಂಟಾ ಇಲ್ಲವಾ ಎಂಬುದನ್ನು ಸಭೆಯೇ ಹೇಳಬೇಕು. ಶನಿವಾರ ರಾತ್ರಿ 8ರೊಳಗೆ ಹೇಳಿದರೆ ಮಲ್ಪೆಯಿಂದ ಬಸ್ಸು ಹಿಡಿಯುವವರಿಗೆ ಒಳ್ಳೆಯದು.

ಪಡುಗಾಳಿ

ಕೊನೆಯದಾಗಿ ಒಂದು. ಹಳೆಯ ಗ್ರೂಪನ್ನು ಎಂತ ಮಾಡುವುದು? ಅಳಿಸಿಬಿಡುವುದಾ? ಮತ್ತೆ ಯಾರಾದರೂ ಕೆಟ್ಟ ಫಾರ್ವರ್ಡ್ ಹಾಕಿದರೆ ಅಡ್ಮಿನ್ ಮೇಲೆ ಬರುತ್ತದಾ?

ಕಟ್ಟೆಮನೆ

ಅಳಿಸಬೇಡಿ. ಹಿಂದಿನ ಅಯ್ಯನವರಿಗೆ ಕರೆ ಮಾಡಿ, ಅವರು ಹೊರಹೋಗುವ ಮುಂಚೆ ಸಭೆಯ ನಂಬರನ್ನು ಅಡ್ಮಿನ್ ಮಾಡಲಿ. ಒಬ್ಬರೇ ಅಡ್ಮಿನ್ ಇದ್ದು ಅವರು ಹಾಗೆಯೇ ಹೊರಟರೆ ವಾಟ್ಸ್‌ಆ್ಯಪ್ ತನಗೆ ತೋಚಿದ ಒಬ್ಬ ಸದಸ್ಯರನ್ನು ಅಡ್ಮಿನ್ ಮಾಡುತ್ತದೆ. ಆಮೇಲೆ ಆ ಗ್ರೂಪನ್ನು 'ಅಡ್ಮಿನ್ ಮಾತ್ರ' ಎಂದು ಬದಲಿಸಿ, ಹೊಸ ಕಮ್ಯುನಿಟಿಯ ಲಿಂಕನ್ನು 30 ದಿನಕ್ಕೆ ಪಿನ್ ಮಾಡಿ. ಹಳೆಯ ಗ್ರೂಪನ್ನೇ ಕಮ್ಯುನಿಟಿಗೆ ಸೇರಿಸುವುದು ಸುಲಭ, ಆದರೆ ಅದರಲ್ಲಿ ಸಭೆ ಬಿಟ್ಟವರು, ನಂಬರ್ ಬದಲಾಯಿಸಿದವರು, ಗುರುತೇ ಇಲ್ಲದವರು ಎಲ್ಲ ಹಾಗೆಯೇ ಒಳಗೆ ಬರುತ್ತಾರೆ. ಮನೆ ಪಟ್ಟಿಗೆ ತಾಳೆ ನೋಡಿ ಒಬ್ಬೊಬ್ಬರನ್ನೇ ಒಪ್ಪಿಕೊಳ್ಳಿ. ತಿಂಗಳಾದ ಮೇಲೂ ಹೊಸದಕ್ಕೆ ಬಾರದವರ ಹೆಸರನ್ನು ವಲಯ ಪ್ರತಿನಿಧಿಗಳಿಗೆ ಹಂಚಿ, ಅವರು ಮನೆಗೆ ಹೋಗಿ ಸೇರಿಸಲಿ.

ಅಡ್ಮಿನ್ ಹೊಣೆಯ ಬಗ್ಗೆ: ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅಪರಾಧಿ ಆಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದರೆ ನಮ್ಮ ಕರಾವಳಿಯಲ್ಲಿ ಒಂದು ಫಾರ್ವರ್ಡ್ ಸಾಕು ಊರಿನ ನೆಮ್ಮದಿ ಕೆಡಲು. ಅಡ್ಮಿನ್ ಬೇರೆಯವರ ಮೆಸೇಜನ್ನೂ ಎಲ್ಲರಿಗೂ ಅಳಿಸಬಹುದು. ವಲಯದ ಪ್ರತಿ ಗ್ರೂಪಿನಲ್ಲಿ ಹಗಲು ಒಬ್ಬರು, ರಾತ್ರಿ ಒಬ್ಬರು ನೋಡುವವರಿರಲಿ. ಧರ್ಮ, ಪಕ್ಷ, ಸಭಾ ಚುನಾವಣೆಯ ಪ್ರಚಾರ ಮೂರೂ ಇಲ್ಲಿ ಬೇಡ ಎಂದು ಗ್ರೂಪಿನ ವಿವರಣೆಯಲ್ಲೇ ಬರೆದಿಡಿ, ಒಮ್ಮೆ ಎಚ್ಚರಿಸಿ ಎರಡನೆಯ ಸಲಕ್ಕೆ ತೆಗೆಯಿರಿ. ಯಾರನ್ನೇ ತೆಗೆದರೂ ಅದೇ ದಿನ ಅಯ್ಯನವರಿಂದ ಅವರಿಗೆ ಒಂದು ಕರೆ ಹೋಗಲಿ, ಪ್ರಕಟಣಾ ಗ್ರೂಪಿನಲ್ಲಿ ಮಾತ್ರ ಅವರನ್ನು ಉಳಿಸಿಕೊಳ್ಳಿ.